ಕೈಯಲ್ಲಿ ನಿಲ್ಲದ ಚೆಂಡು

2012ರ ಅಕ್ಟೋಬರ್ 13, ಶನಿವಾರ. ಪಿಟ್ಸ್‌ಬರ್ಗ್‌ನ ಓಕ್‌ಲ್ಯಾಂಡ್ ಬಡಾವಣೆಯಲ್ಲಿರೋ ಕಾರ್ನೆಗಿ ಲೈಬ್ರರಿಗೆ ಪುಸ್ತಕ ವಾಪಸ್ ಕೊಡೋಕೆ ಅಂತ ಹೋಗಿದ್ದೆ. ಆನ್‌ಸೈಟ್ ಅಂತ ಕಂಪನಿ ನನ್ನನ್ನ ಅಲ್ಲಿಗೆ ಕಳಿಸಿ ಏಳು ತಿಂಗಳಾಗಿತ್ತು. ವಾರಾಂತ್ಯಕ್ಕೆ ಒಂದೋ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ, ಇಲ್ಲಾ ಈ ಲೈಬ್ರರಿ. ಎರಡೂ ಕಡೆ ದುಡ್ಡು ಖರ್ಚಾಗಲ್ಲ ಅನ್ನೋದೇ ಮುಖ್ಯ ಕಾರಣ.

ಲೈಬ್ರರಿಯಿಂದ ಸ್ವಲ್ಪ ದೂರ ನಡೆದರೆ ಒಂದು ಹಳೇ ಇಟ್ಟಿಗೆ ಗೋಡೆ ಇದೆ. ಮೈತುಂಬ ಬಳ್ಳಿ ಹಬ್ಬಿಸಿಕೊಂಡು, ಯಾವ ಕಟ್ಟಡಕ್ಕೂ ಸೇರದೆ ತನ್ನಷ್ಟಕ್ಕೆ ತಾನು ನಿಂತಿರೋ ಗೋಡೆ. ಅವತ್ತು ಅದರ ಮುಂದೆ ಜಾತ್ರೆ ಥರ ಜನ. ಮಡಚೋ ಕುರ್ಚಿ ತಂದ್ಕೊಂಡು ಕೂತಿದ್ದರು, ಮುಕ್ಕಾಲುಪಾಲು ಅಜ್ಜ ಅಜ್ಜಿಯರೇ. ಸ್ಪೀಕರಿನಿಂದ ಗೊರಗೊರ ಸದ್ದಿನ ರೇಡಿಯೊ ಕಾಮೆಂಟರಿ ಬರ್ತಾ ಇತ್ತು. ಎಲ್ಲರೂ ಉಸಿರು ಬಿಗಿಹಿಡಿದು ಕೇಳ್ತಾ ಇದ್ದಾರೆ. ತುದಿಯಲ್ಲಿ ಕೂತಿದ್ದ ಒಬ್ಬ ಅಜ್ಜನ ಹತ್ತಿರ ಹೋಗಿ, ಯಾವ ಮ್ಯಾಚು, ಸ್ಕೋರೆಷ್ಟು ಅಂತ ಕೇಳಿದೆ.

"1960ನೇ ಇಸವಿದು. ನಾವು ಗೆಲ್ತೀವಿ," ಅಂದ.

52 ವರ್ಷ ಹಿಂದಿನ ಮ್ಯಾಚಿನ ಕಾಮೆಂಟರಿಯನ್ನ ಪ್ರತಿವರ್ಷ ಅದೇ ದಿನ, ಅದೇ ಹೊತ್ತಿಗೆ ಹಾಕಿಕೊಂಡು ಕೇಳೋದು! ಮೊದಲು ನಗು ಬಂತು. ಆಮೇಲೆ ನಮ್ಮೂರಿನ ನೆನಪಾಯ್ತು. ತೀರ್ಥಹಳ್ಳಿ ಕಡೆ ನಮ್ಮ ಹಳ್ಳಿಗೆ ಮೇಳ ಬಂದಾಗ ನನ್ನಜ್ಜ ಕಂಬಳಿ ಹೊದ್ದು ಬೆಳಗಿನ ಜಾವದವರೆಗೆ ಗದಾಯುದ್ಧ ನೋಡ್ತಿದ್ದ. ಕೌರವ ಸಾಯ್ತಾನೆ ಅನ್ನೋದು ಅಜ್ಜನಿಗೆ ಗೊತ್ತಿರಲಿಲ್ವಾ? ಅಲ್ಲೇ ಹುಲ್ಲಿನ ಮೇಲೆ ಕೂತೆ. ಮಧ್ಯಾಹ್ನ 3 ಗಂಟೆ 36 ನಿಮಿಷಕ್ಕೆ ಬ್ಯಾಟಿಗೆ ಚೆಂಡು ತಾಗಿದ ಸದ್ದು ಬಂತು. ಅಷ್ಟೂ ಜನ ಎದ್ದು ನಿಂತು ಕೂಗಿದರು. ಅಜ್ಜನ ಕಣ್ಣಲ್ಲಿ ನೀರು.

ಆ ಗೋಡೆ ಫೋರ್ಬ್ಸ್ ಫೀಲ್ಡ್ ಅನ್ನೋ ಕ್ರೀಡಾಂಗಣದ ಉಳಿದ ತುಂಡು. ಚೆಂಡು ಹೊಡೆದವನು ಬಿಲ್ ಮ್ಯಾಜೆರೊಸ್ಕಿ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಸೆಕೆಂಡ್ ಬೇಸ್‌ಮನ್.

ಆಮೇಲೆ ಅದೇ ಲೈಬ್ರರಿಯಲ್ಲಿ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದ್ತಾ ಓದ್ತಾ ಒಂದು ವಿಷಯ ವಿಚಿತ್ರ ಅನ್ನಿಸಿತು. ಆ ಅಜ್ಜ ಅಜ್ಜಿಯರು ಅತ್ತಿದ್ದು ಅವನ ಬ್ಯಾಟಿಂಗ್ ನೆನೆದು. ಆದರೆ ಮ್ಯಾಜೆರೊಸ್ಕಿ ಅಂಥಾ ದೊಡ್ಡ ಬ್ಯಾಟ್ಸ್‌ಮನ್ನೇ ಅಲ್ಲ. ಅವನು ನಿಜವಾಗಿ ಮಾಡಿದ ಕೆಲಸ ಬೇರೆಯೇ. ಅದನ್ನ ಯಾರೂ ಕುರ್ಚಿ ಹಾಕಿಕೊಂಡು ಕೂತು ನೆನೆಸಿಕೊಳ್ಳಲ್ಲ, ಯಾಕಂದ್ರೆ ಅದು ಒಂದು ದಿನ ಆದದ್ದಲ್ಲ. 17 ವರ್ಷ ದಿನಾ ಆದದ್ದು.

ಆ ಕೆಲಸ ಏನು ಅಂತ ಹೇಳೋಕೆ ಆಟದ ಬಗ್ಗೆ ಸ್ವಲ್ಪ ಹೇಳಬೇಕು. ಬೇಸ್‌ಬಾಲ್ ಮೈದಾನದಲ್ಲಿ ಚೌಕಾಕಾರದ ನಾಲ್ಕು ಮೂಲೆಗಳಿವೆ, ಒಂದರಿಂದ ಇನ್ನೊಂದಕ್ಕೆ 90 ಅಡಿ. ಹೊಡೆದವನು ಬ್ಯಾಟ್ ಬಿಸಾಕಿ ಮೊದಲ ಮೂಲೆಗೆ, ಅಂದ್ರೆ ಫಸ್ಟ್ ಬೇಸಿಗೆ, ಓಡಬೇಕು. ಅಲ್ಲಿ ಮೊದಲೇ ಒಬ್ಬ ನಿಂತಿದ್ದರೆ ಅವನು ಜಾಗ ಬಿಟ್ಟು ಸೆಕೆಂಡ್ ಬೇಸಿಗೆ ಓಡಲೇಬೇಕು, ಒಂದೇ ಬೇಸಲ್ಲಿ ಇಬ್ಬರು ಇರೋಹಾಗಿಲ್ಲ. ಈಗ ಚೆಂಡು ನೆಲದ ಮೇಲೆ ಪುಟಿಯುತ್ತಾ ಶಾರ್ಟ್‌ಸ್ಟಾಪ್ ಅನ್ನೋ ಫೀಲ್ಡರ್ ಕೈಗೆ ಹೋಯ್ತು ಅಂದ್ಕೊಳ್ಳಿ. ಅವನು ಅದನ್ನ ಸೆಕೆಂಡ್ ಬೇಸಿಗೆ ಎಸೀತಾನೆ. ಓಡಿ ಬಂದ ಸೆಕೆಂಡ್ ಬೇಸ್‌ಮನ್ ಬೇಸ್ ತುಳಿದುಕೊಂಡು ಚೆಂಡು ಪಡೆದರೆ ಮುಂದೆ ಓಡ್ತಿದ್ದವನು ಔಟ್. ತಕ್ಷಣ ತಿರುಗಿ ಫಸ್ಟ್ ಬೇಸಿಗೆ ಎಸೆದರೆ, ಹೊಡೆದವನು ತಲುಪೋದರೊಳಗೆ ಚೆಂಡು ತಲುಪಿದರೆ, ಅವನೂ ಔಟ್. ಒಂದೇ ಎಸೆತಕ್ಕೆ ಇಬ್ಬರು. ಇದು ಡಬಲ್ ಪ್ಲೇ. ಮೂರು ಔಟಿಗೆ ಪಾಳಿ ಮುಗಿಯೋ ಆಟದಲ್ಲಿ ಒಟ್ಟಿಗೆ ಎರಡು ಹೋದರೆ ಎದುರಾಳಿಯ ಸೊಂಟವೇ ಮುರಿದಂತೆ.

ಇಷ್ಟೆಲ್ಲ ನಡೆಯೋಕೆ ಸಿಗೋದು ಸುಮಾರು ನಾಲ್ಕು ಸೆಕೆಂಡ್, ಯಾಕಂದ್ರೆ ಹೊಡೆದವನು ಫಸ್ಟ್ ಬೇಸ್ ಮುಟ್ಟೋಕೆ ಹೆಚ್ಚುಕಮ್ಮಿ ಅಷ್ಟೇ ಸಾಕು. ಇದರಲ್ಲಿ ಅತಿ ಕಷ್ಟದ ಜಾಗ ಮಧ್ಯದವನದು. ಚೆಂಡು ಒಂದು ದಿಕ್ಕಿಂದ ಬರುತ್ತೆ, ಎಸೀಬೇಕಾದ್ದು ಇನ್ನೊಂದು ದಿಕ್ಕಿಗೆ. ಕಣ್ಣು ಚೆಂಡಿನ ಮೇಲಿರುವಾಗ ಪಕ್ಕದಿಂದ ಒಬ್ಬ ಓಡಿಬಂದು, ಚೂಪು ಮೊಳೆಗಳ ಬೂಟು ಮುಂದೆ ಮಾಡಿ, ಜಾರಿಕೊಂಡು ಇವನ ಕಾಲಿಗೇ ಬೀಳ್ತಾನೆ. ಬೇಕಂತಲೇ. ಇವನ ಎಸೆತ ತಪ್ಪಿಸೋದೇ ಅವನ ಉದ್ದೇಶ, ಆ ಕಾಲದಲ್ಲಿ ಅದು ಆಟದ ನ್ಯಾಯವೇ ಆಗಿತ್ತು.

ಮ್ಯಾಜೆರೊಸ್ಕಿ ಇದನ್ನ ಹೇಗೆ ಮಾಡ್ತಿದ್ದ ಅಂದ್ರೆ, ಅವನು ಚೆಂಡನ್ನ ಹಿಡೀತಲೇ ಇರಲಿಲ್ಲ. ಬೇರೆಯವರು ಗ್ಲವ್‌ನೊಳಗೆ ಹಿಡಿದು, ಅದರೊಳಗಿಂದ ಬಲಗೈಯಲ್ಲಿ ತೆಗೆದು ಎಸೀತಿದ್ದರು. ಇವನು ಗ್ಲವ್‌ಗೆ ಚೆಂಡನ್ನ ತಾಗಿಸಿ, ಅದು ಸಿಡಿದು ನೇರ ಬಲಗೈಗೆ ಬರೋಹಾಗೆ ಮಾಡ್ತಿದ್ದ. ಬಂತು ಅನ್ನೋದರೊಳಗೆ ಹೋಯ್ತು. ಜೊತೆಯವರು ಅವನಿಗಿಟ್ಟ ಅಡ್ಡಹೆಸರು "ನೋ ಟಚ್", ಮುಟ್ಟದವನು.

ಇದನ್ನ ಓದಿದಾಗ ನನಗೆ ನಮ್ಮನೆ ಮಾಡಿಗೆ ಹೆಂಚು ಹೊದಿಸುತ್ತಿದ್ದದ್ದು ಕಣ್ಮುಂದೆ ಬಂತು. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಾಯಿಸುವಾಗ ಅಂಗಳದಿಂದ ಮಾಡಿನವರೆಗೆ ಸಾಲಾಗಿ ಜನ ನಿಲ್ತಾರೆ. ಕೆಳಗಿನವನು ಎಸೀತಾನೆ, ಏಣಿ ಮೇಲಿನವನು ದಾಟಿಸ್ತಾನೆ, ಮೇಲಿನವನು ರೀಪಿನ ಮೇಲೆ ಕೂರಿಸ್ತಾನೆ. ಏಳನೇ ಕ್ಲಾಸಲ್ಲಿದ್ದಾಗ ಒಂದು ಸಲ ನನ್ನನ್ನ ಏಣಿ ಮೇಲೆ ನಿಲ್ಲಿಸಿದ್ದರು. ನಾನು ಪ್ರತಿ ಹೆಂಚನ್ನೂ ಎದೆಗೆ ಒತ್ತಿ ಹಿಡ್ಕೊಂಡು ಆಮೇಲೆ ಮೇಲೆ ಕೊಡ್ತಿದ್ದೆ. ಹತ್ತು ಹೆಂಚಿಗೆ ಕೈ ಬಿದ್ದುಹೋಯ್ತು. ಕೆಳಗಿಂದ ಚಿಕ್ಕಪ್ಪ ಕೂಗಿದ್ದ: "ಹಿಡೀಬೇಡ ಮಾರಾಯ, ದಾಟ್ಸು!" ಬರೋ ವೇಗದಲ್ಲೇ ತಿರುಗಿಸಿ ಬಿಡಬೇಕು. ಸಂಜೆ ಹೊತ್ತಿಗೆ ಸ್ವಲ್ಪ ಬಂತು. ಆದರೆ ಆಮೇಲೆ ಮನೆಗೆ ಬಂದವರೆಲ್ಲ ತಲೆಯೆತ್ತಿ ನೋಡಿ ಹೊಗಳಿದ್ದು ಮೇಲೆ ಕೂತು ಹೊದಿಸಿದವನನ್ನೇ.

ಮ್ಯಾಜೆರೊಸ್ಕಿ ಹುಟ್ಟಿದ್ದು 1936ರಲ್ಲಿ, ವೆಸ್ಟ್ ವರ್ಜೀನಿಯಾದ ವೀಲಿಂಗ್‌ನಲ್ಲಿ. ಬೆಳೆದದ್ದು ಓಹಾಯೊ ನದಿ ದಂಡೆಯ ಕಲ್ಲಿದ್ದಲು ಸೀಮೆಯಲ್ಲಿ. ಕರೆಂಟಿಲ್ಲದ, ಒಳಗೆ ನಲ್ಲಿ ನೀರಿಲ್ಲದ ಮನೆ. (ಅಮೆರಿಕದಲ್ಲೂ ಇಂಥ ಮನೆ ಇತ್ತು ಅಂತ ಓದಿದಾಗ ನನಗೆ ಒಂಥರಾ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ.) ಅಪ್ಪ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡ್ತಿದ್ದವನು. ಒಳ್ಳೆ ಆಟಗಾರನೂ ಹೌದು. ಗಣಿಯ ಅಪಘಾತದಲ್ಲಿ ಪಾದದ ಒಂದು ಭಾಗ ಹೋಯ್ತು, ದೊಡ್ಡ ತಂಡದಲ್ಲಿ ಆಡೋ ಕನಸೂ ಹೋಯ್ತು. ಅದು ಮಗನಿಗೆ ದಾಟಿತು.

17ನೇ ವಯಸ್ಸಿಗೆ ಪೈರೇಟ್ಸ್ ತಂಡ ಅವನನ್ನ ಸೇರಿಸಿಕೊಂಡಿತು, ಅದೂ ಶಾರ್ಟ್‌ಸ್ಟಾಪ್ ಅಂತ. ಆಗ ತಂಡದ ಜನರಲ್ ಮ್ಯಾನೇಜರ್ ಬ್ರಾಂಚ್ ರಿಕಿ. ಜಾಕಿ ರಾಬಿನ್ಸನ್‌ನನ್ನು ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಕರೆತಂದು ಬೇಸ್‌ಬಾಲಿನ ವರ್ಣಭೇದದ ಗೋಡೆ ಒಡೆದ ಅದೇ ರಿಕಿ. ಒಂದು ದಿನ ಪ್ರಾಕ್ಟೀಸ್‌ನಲ್ಲಿ ಈ ಹುಡುಗ ಸೆಕೆಂಡ್ ಬೇಸಲ್ಲಿ ನಿಂತು ಚೆಂಡು ತಿರುಗಿಸೋದನ್ನ ನೋಡಿದ ರಿಕಿ, ಇವನು ಇನ್ನು ಮುಂದೆ ಅಲ್ಲೇ ಇರಲಿ ಅಂದನಂತೆ. 1956ರ ಜುಲೈನಲ್ಲಿ, ಇನ್ನೂ 19 ವರ್ಷದವನಿದ್ದಾಗ, ಮೇಜರ್ ಲೀಗಿಗೆ ಬಂದ. 1972ರವರೆಗೆ ಅಲ್ಲೇ ಇದ್ದ. ಅದೇ ತಂಡ, ಅದೇ ಜಾಗ.

ಆ 17 ವರ್ಷದಲ್ಲಿ ಸೆಕೆಂಡ್ ಬೇಸ್‌ಮನ್ ಆಗಿ ಅವನು ಭಾಗಿಯಾದ ಡಬಲ್ ಪ್ಲೇಗಳು 1,706. ಆ ಜಾಗದಲ್ಲಿ ನಿಂತವರಲ್ಲಿ ಇಷ್ಟು ಮಾಡಿದವರು ಇನ್ನೊಬ್ಬರಿಲ್ಲ. 1966ರ ಒಂದೇ ಸೀಸನ್‌ನಲ್ಲಿ 161, ಅದೂ ದಾಖಲೆಯೇ. ಒಳ್ಳೆ ಫೀಲ್ಡಿಂಗಿಗೆ ಕೊಡೋ ಗೋಲ್ಡ್ ಗ್ಲವ್ ಪ್ರಶಸ್ತಿ ಎಂಟು ಸಲ. ಬ್ಯಾಟಿಂಗ್ ಸರಾಸರಿ .260, ಅಂದ್ರೆ ಸಾಧಾರಣ.

ಈಗ 1960ಕ್ಕೆ ಬರೋಣ. ಪೈರೇಟ್ಸ್ ಚಾಂಪಿಯನ್ ಆಗಿ 35 ವರ್ಷ ಆಗಿತ್ತು. ವರ್ಲ್ಡ್ ಸೀರೀಸ್‌ನಲ್ಲಿ ಎದುರಿಗೆ ಸಿಕ್ಕಿದ್ದು ನ್ಯೂಯಾರ್ಕ್ ಯಾಂಕೀಸ್: ಮಿಕಿ ಮ್ಯಾಂಟಲ್, ರೋಜರ್ ಮ್ಯಾರಿಸ್, ಯೋಗಿ ಬೆರಾ. ಏಳು ಮ್ಯಾಚಿನ ಸರಣಿ. ಯಾಂಕೀಸ್ ಗೆದ್ದ ಮೂರು ಮ್ಯಾಚು 16-3, 10-0, 12-0. ಪೈರೇಟ್ಸ್ ಗೆದ್ದ ಮೊದಲ ಮೂರು 6-4, 3-2, 5-2. ಅವರು ಗೆದ್ದರೆ ಊರಿಗೆಲ್ಲ ಕೇಳೋಹಾಗೆ, ಇವರು ಗೆದ್ದರೆ ಪಕ್ಕದ ಮನೆಗೂ ಕೇಳದ ಹಾಗೆ. ಏಳನೇ ಮ್ಯಾಚು ಅಕ್ಟೋಬರ್ 13ರಂದು ಫೋರ್ಬ್ಸ್ ಫೀಲ್ಡ್‌ನಲ್ಲಿ. ಪಕ್ಕದ ಯೂನಿವರ್ಸಿಟಿಯ 42 ಅಂತಸ್ತಿನ ಗೋಪುರ ಹತ್ತಿ ಹುಡುಗರು ಮೇಲಿಂದ ಬಗ್ಗಿ ನೋಡ್ತಿರೋ ಫೋಟೊ ಇದೆ, ನೋಡಿದರೆ ನಮಗೇ ತಲೆ ತಿರುಗುತ್ತೆ.

ಈ ಮ್ಯಾಚಿನ ಕಥೆಯನ್ನ ಎಲ್ಲರೂ ಕೊನೆಯ ಹೋಮ್ ರನ್‌ನಿಂದ ಹೇಳ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಅದಕ್ಕೆ ಮುಂಚಿನ ಎರಡು ಗಳಿಗೆ.

ಮೊದಲನೆಯದು ಎಂಟನೇ ಇನ್ನಿಂಗ್ಸ್. ಯಾಂಕೀಸ್ 7-4ರಿಂದ ಮುಂದಿದ್ದಾರೆ. ಫಸ್ಟ್ ಬೇಸಲ್ಲಿ ಪೈರೇಟ್ಸ್‌ನ ಒಬ್ಬ ಇದ್ದಾನೆ, ಬಿಲ್ ವರ್ಡನ್ ಹೊಡೆದ ಚೆಂಡು ನೇರ ಶಾರ್ಟ್‌ಸ್ಟಾಪ್ ಟೋನಿ ಕುಬೆಕ್ ಕಡೆಗೆ ಪುಟಿದು ಹೋಯ್ತು. ಕಣ್ಣುಮುಚ್ಚಿ ಮಾಡಬಹುದಾದ ಡಬಲ್ ಪ್ಲೇ. ಆದರೆ ಚೆಂಡು ನೆಲದಲ್ಲಿ ಎಲ್ಲೋ ಎಡವಿ, ದಿಢೀರನೆ ಎದ್ದು ಕುಬೆಕ್‌ನ ಗಂಟಲಿಗೆ ಬಡೀತು. ಅವನು ಬಿದ್ದ, ಆಸ್ಪತ್ರೆಗೆ ಸಾಗಿಸಬೇಕಾಯ್ತು. ಇಬ್ಬರು ಔಟಾಗಬೇಕಿದ್ದಲ್ಲಿ ಯಾರೂ ಔಟಾಗಲಿಲ್ಲ. ಆ ಇನ್ನಿಂಗ್ಸ್‌ನಲ್ಲಿ ಪೈರೇಟ್ಸ್ ಐದು ರನ್ ಹೊಡೆದು 9-7ಕ್ಕೆ ಹೋದರು.

ಎರಡನೆಯದು ಒಂಬತ್ತನೇ ಇನ್ನಿಂಗ್ಸ್, ಈಗ ಯಾಂಕೀಸ್ ಸರದಿ. ಒಂದು ರನ್ ಬಂದು 9-8 ಆಗಿದೆ. ಒಬ್ಬ ಔಟಾಗಿದ್ದಾನೆ. ಫಸ್ಟ್ ಬೇಸಲ್ಲಿ ಮ್ಯಾಂಟಲ್, ಥರ್ಡ್ ಬೇಸಲ್ಲಿ ಇನ್ನೊಬ್ಬ. ಯೋಗಿ ಬೆರಾ ಹೊಡೆದ ಚೆಂಡು ಪೈರೇಟ್ಸ್‌ನ ಫಸ್ಟ್ ಬೇಸ್‌ಮನ್ ರಾಕಿ ನೆಲ್ಸನ್ ಕೈಗೇ ಬಂತು. ಮತ್ತೆ ಡಬಲ್ ಪ್ಲೇ ಆಗಬೇಕಿತ್ತು, ಆಗಿದ್ದರೆ ಅಲ್ಲಿಗೇ ಮ್ಯಾಚು ಮುಗಿದು ಪೈರೇಟ್ಸ್ ಚಾಂಪಿಯನ್. ನೆಲ್ಸನ್ ಮೊದಲು ತನ್ನ ಬೇಸ್ ತುಳಿದು ಬೆರಾನನ್ನ ಔಟ್ ಮಾಡಿದ. ಅಷ್ಟರಲ್ಲಿ ಮ್ಯಾಂಟಲ್ ಮುಂದಕ್ಕೆ ಓಡೋ ಬದಲು ವಾಪಸ್ ಫಸ್ಟ್ ಬೇಸಿಗೇ ಹಾರಿ, ನೆಲ್ಸನ್ ಕೈ ತಪ್ಪಿಸಿ, ಹಾವಿನ ಥರ ನುಸುಳಿಬಿಟ್ಟ. ಥರ್ಡ್ ಬೇಸಲ್ಲಿದ್ದವನು ಓಡಿಬಂದು 9-9.

ಎರಡು ಡಬಲ್ ಪ್ಲೇ, ಎರಡೂ ಆಗಲಿಲ್ಲ. ಮೊದಲನೆಯದು ಆಗಿದ್ದರೆ ಪೈರೇಟ್ಸ್ ಬಹುಶಃ ಸೋಲ್ತಿತ್ತು. ಎರಡನೆಯದು ಆಗಿದ್ದರೆ ಮ್ಯಾಜೆರೊಸ್ಕಿ ಕೊನೆಯಲ್ಲಿ ಬ್ಯಾಟ್ ಹಿಡೀಬೇಕಾಗೇ ಇರಲಿಲ್ಲ. ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಯಾವ ಕೆಲಸ ಮಾಡ್ತಿದ್ದನೋ, ಅದೇ ಕೆಲಸ ಬೇರೆಯವರ ಕೈಯಲ್ಲಿ ಎರಡು ಸಲ ಕೆಟ್ಟದ್ದರಿಂದ ಅವನಿಗೆ ಆ ಹೆಸರು ಬಂತು. ನಾನು ಓದಿದ ಬಹಳಷ್ಟು ಕಡೆ ಈ ಎರಡನ್ನೂ ಅದೃಷ್ಟ ಅಂತ ಒಂದೊಂದು ಸಾಲಲ್ಲಿ ಮುಗಿಸಿಬಿಟ್ಟಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಡಬಲ್ ಪ್ಲೇ ಎಷ್ಟು ನಾಜೂಕಿನ ವಸ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಒಂದು ಹರಳು, ಅರ್ಧ ಹೆಜ್ಜೆ ಸಾಕು. 1,706 ಸಲ ಆ ಹರಳು, ಆ ಅರ್ಧ ಹೆಜ್ಜೆ ತಪ್ಪಿಸಿಕೊಂಡವನು ಅವನು.

ಆಮೇಲೆ ಬಿಲ್ ಸ್ಕೌರನ್ ಹೊಡೆದದ್ದು ಶಾರ್ಟ್‌ಸ್ಟಾಪ್ ಡಿಕ್ ಗ್ರೋಟ್‌ಗೆ, ಗ್ರೋಟ್ ಎಸೆದದ್ದು ಸೆಕೆಂಡ್ ಬೇಸಿಗೆ, ಅಲ್ಲಿ ಮ್ಯಾಜೆರೊಸ್ಕಿ, ಮ್ಯಾಂಟಲ್ ಔಟ್. ದಿನಾ ಮಾಡೋ ಕೆಲಸ. ಆ ಔಟು ಯಾರಿಗೂ ನೆನಪಿಲ್ಲ. ಅದಾಗಿ ಕೆಲವೇ ನಿಮಿಷಕ್ಕೆ ಅವನೇ ಮೊದಲಿಗನಾಗಿ ಬ್ಯಾಟಿಂಗ್‌ಗೆ ಬಂದ. ಪಿಚರ್ ರಾಲ್ಫ್ ಟೆರಿ. ಮೊದಲ ಎಸೆತ ಬಿಟ್ಟ. ಎರಡನೆಯದನ್ನ ಬಾರಿಸಿದ. ಎಡಗಡೆ ನಿಂತಿದ್ದ ಬೆರಾ ಗೋಡೆವರೆಗೆ ಓಡಿ, ಮೇಲೆ ನೋಡಿ, ಸುಮ್ಮನಾದ. 10-9.

ರೇಡಿಯೊದಲ್ಲಿ ಕಾಮೆಂಟರಿ ಹೇಳ್ತಿದ್ದ ಚಕ್ ಥಾಮ್ಸನ್ ಗಡಿಬಿಡಿಯಲ್ಲಿ ಪಿಚರ್ ಹೆಸರು ಆರ್ಟ್ ಡಿಟ್ಮಾರ್ ಅಂದುಬಿಟ್ಟ, ಸ್ಕೋರನ್ನೂ 10-0 ಅಂದು ಆಮೇಲೆ ಸರಿ ಮಾಡಿದ. ಗೋಡೆ ಹತ್ತಿರ ಕೂತಿದ್ದ ಜನ ಅಲ್ಲಿ ಗೊಳ್ಳಂತ ನಕ್ಕಿದ್ದು ಯಾಕೆ ಅಂತ ನನಗೆ ಆಮೇಲೆ ಗೊತ್ತಾಯ್ತು. ಪಾಪ ಡಿಟ್ಮಾರ್.

ವರ್ಲ್ಡ್ ಸೀರೀಸ್‌ನ ಏಳನೇ ಮ್ಯಾಚು ಹೀಗೆ ಗೆಲುವಿನ ಹೋಮ್ ರನ್‌ನಿಂದ ಮುಗಿದದ್ದು ಇವತ್ತಿನವರೆಗೂ ಅದೊಂದೇ. ಚೆಂಡು ಗೋಡೆ ದಾಟಿದ್ದು ಗೊತ್ತಾದ ಮೇಲೆ ಅವನು ಟೋಪಿ ಕೈಯಲ್ಲಿ ಹಿಡಿದು ಬೀಸುತ್ತಾ ಸೆಕೆಂಡ್ ಬೇಸ್ ದಾಟಿ ಓಡಿದ. ಜನ ಮೈದಾನಕ್ಕೆ ನುಗ್ಗಿದರು. ಊರೆಲ್ಲ ಬೀದಿಗಿಳಿದು ಕುಣೀತಿದ್ದಾಗ ಅವನೂ ಹೆಂಡತಿಯೂ ಪಕ್ಕದ ಶೆನ್ಲಿ ಪಾರ್ಕ್‌ಗೆ ಹೋಗಿ ಸುಮ್ಮನೆ ಕೂತಿದ್ದರಂತೆ. ಪಾರ್ಕಲ್ಲಿ ಬೇರೆ ಯಾರೂ ಇರಲಿಲ್ಲ.

ಇನ್ನೊಂದು ತಮಾಷೆ. ಆ ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಸಿಕ್ಕಿದ್ದೂ ಸೆಕೆಂಡ್ ಬೇಸ್‌ಮನ್‌ಗೇ. ಆದರೆ ಯಾಂಕೀಸ್‌ನ ಬಾಬಿ ರಿಚರ್ಡ್ಸನ್‌ಗೆ! ಇಡೀ ಸೀಸನ್‌ನಲ್ಲಿ 26 ರನ್ ತರಿಸಿದ್ದವನು ಆ ಏಳು ಮ್ಯಾಚಲ್ಲಿ 12 ತರಿಸಿದ್ದ. ಸೋತ ತಂಡದವನಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೊಂದೇ ಸಲ. ಎರಡೂ ಕಡೆಯ ಸೆಕೆಂಡ್ ಬೇಸ್‌ಮನ್‌ಗಳಿಗೆ ಹೆಸರು ಬಂದದ್ದು ಬ್ಯಾಟಿನಿಂದಲೇ, ನೋಡಿ.

ಅಲ್ಲಿಂದ ಮುಂದೆ ಮ್ಯಾಜೆರೊಸ್ಕಿ ಇನ್ನೂ 12 ವರ್ಷ ಆಡಿದ. ಅವನ ಅತ್ಯುತ್ತಮ ಫೀಲ್ಡಿಂಗ್ ವರ್ಷಗಳು ಹೆಚ್ಚಿನವು ಬಂದದ್ದೂ ಆಮೇಲೆಯೇ. ಆದರೆ ಎಲ್ಲಿ ಹೋದರೂ ಜನ ಕೇಳಿದ್ದು ಆ ಒಂದು ಹೊಡೆತದ ಬಗ್ಗೆ. ಆ ಮ್ಯಾಚಿನ ಪೂರ್ತಿ ಫಿಲ್ಮ್ ಕಳೆದೇಹೋಗಿದೆ ಅಂದುಕೊಂಡಿದ್ದರು. 2009ರಲ್ಲಿ ಅದು ಹಾಡುಗಾರ ಬಿಂಗ್ ಕ್ರಾಸ್ಬಿಯ ಮನೆಯ ವೈನ್ ಇಡೋ ನೆಲಮಾಳಿಗೆಯಲ್ಲಿ ಸಿಕ್ಕಿತು. ಕ್ರಾಸ್ಬಿ ತಂಡದ ಪಾಲುದಾರರಲ್ಲೊಬ್ಬ. ಮ್ಯಾಚು ನೋಡೋ ಧೈರ್ಯ ಸಾಲದೆ ಪ್ಯಾರಿಸ್‌ನಲ್ಲಿದ್ದುಕೊಂಡು ಟೀವಿ ಪ್ರಸಾರವನ್ನ ಫಿಲ್ಮ್ ಮಾಡಿಸಿ ಇಟ್ಟಿದ್ದನಂತೆ. ಇಂಡಿಯಾ-ಪಾಕಿಸ್ತಾನ ಮ್ಯಾಚಿದ್ದಾಗ ಹಿತ್ತಲಲ್ಲಿ ಓಡಾಡ್ತಿದ್ದ ನಮ್ಮಪ್ಪನ ಜಾತಿಯವನೇ.

ಆಟ ಬಿಟ್ಟ ಮೇಲೆ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ ಅವನನ್ನ ಸೇರಿಸಬೇಕೋ ಬೇಡವೋ ಅನ್ನೋ ಜಗಳ. ಪತ್ರಕರ್ತರ ಶೇಕಡ 75 ಮತ ಬೇಕು. ಹದಿನೈದು ವರ್ಷ ಅವನ ಹೆಸರು ಪಟ್ಟಿಯಲ್ಲಿತ್ತು, ಅರ್ಧದಷ್ಟು ಮತವೂ ಯಾವತ್ತೂ ಬರಲಿಲ್ಲ. ಅವರ ವಾದವೂ ಪೂರ್ತಿ ತಪ್ಪಲ್ಲ. ಬ್ಯಾಟಿಂಗಿಗೆ ಬಂದ ನೂರು ಸಲದಲ್ಲಿ ಅವನು ಬೇಸ್ ಮುಟ್ಟಿದ್ದು ಮೂವತ್ತು ಸಲಕ್ಕಿಂತ ಕಮ್ಮಿ. ಬ್ಯಾಟಿಂಗನ್ನ ಎಣಿಸಬಹುದು. ಅವನಿಂದಾಗಿ ಎದುರಾಳಿಗೆ ಬರದೇ ಹೋದ ರನ್‌ಗಳನ್ನ ಎಣಿಸೋದು ಹೇಗೆ? ಕೊನೆಗೆ 2001ರಲ್ಲಿ ಹಿರಿಯರ ಸಮಿತಿ ಅವನನ್ನ ಆರಿಸಿತು. ಅದಕ್ಕೂ ಗಲಾಟೆ. ಸಮಿತಿಯ ನಿಯಮಗಳನ್ನೇ ಆಮೇಲೆ ಬದಲಾಯಿಸಿದರು, ಇವನ ಆಯ್ಕೆಯೇ ಅದಕ್ಕೆ ಕಾರಣ ಅಂತ ಬಹಳ ಜನ ಅಂದರು.

ಇಲ್ಲಿ ನನ್ನ ಸ್ವಂತದ ಒಂದು ಮಾತು. ನಾನು ಮಾಡೋದು ಮಿಡಲ್‌ವೇರ್ ಕೆಲಸ. ಒಂದು ಸಿಸ್ಟಮ್ ಕಳಿಸಿದ ಮೆಸೇಜನ್ನ ಇನ್ನೊಂದಕ್ಕೆ ದಾಟಿಸೋದು. ಸರಿಯಾಗಿ ನಡೆದಾಗ ನಾವು ಇದ್ದೀವಿ ಅನ್ನೋದೇ ಯಾರಿಗೂ ಗೊತ್ತಾಗಲ್ಲ. ಎರಡು ವರ್ಷ ಒಂದು ಮೆಸೇಜೂ ಬೀಳದ ಹಾಗೆ ನೋಡಿಕೊಂಡಿದ್ದಕ್ಕೆ ಅಪ್ರೈಸಲ್‌ನಲ್ಲಿ "ವಿಸಿಬಿಲಿಟಿ ಸಾಲದು" ಅಂದರು. ಮೂರನೇ ವರ್ಷ ಒಂದು ರಾತ್ರಿ ಎಲ್ಲ ನಿಂತುಹೋಯ್ತು. ಬೆಳಗಿನ ಜಾವ ನಾಲ್ಕಕ್ಕೆ ಸರಿ ಮಾಡಿದೆ. ಚಪ್ಪಾಳೆ, ಸರ್ಟಿಫಿಕೇಟು, ಗಿಫ್ಟ್ ವೋಚರ್. ಸಂಜೆ ತಪ್ಪು ಸೆಟ್ಟಿಂಗ್ ಹಾಕಿ ಅದನ್ನ ನಿಲ್ಲಿಸಿದ್ದೂ ನಾನೇ ಅಂತ ರಿಪೋರ್ಟಲ್ಲಿ ಬರೆದಿದ್ದೆ. ಯಾರೂ ಓದಿರಲಿಲ್ಲ. ವೋಚರ್ ವಾಪಸ್ ಕೊಡೋ ಧೈರ್ಯ ನನಗೂ ಬರಲಿಲ್ಲ, ಅದರಲ್ಲಿ ಅಮ್ಮನಿಗೆ ಮಿಕ್ಸಿ ತಗೊಂಡೆ.

2001ರ ಆಗಸ್ಟ್‌ನಲ್ಲಿ ಹಾಲ್ ಆಫ್ ಫೇಮ್ ವೇದಿಕೆ ಹತ್ತಿದಾಗ ಮ್ಯಾಜೆರೊಸ್ಕಿಗೆ 64 ವರ್ಷ. ಕೈಯಲ್ಲಿ 12 ಪುಟದ ಭಾಷಣ ಇತ್ತು. ಪಿಚಿಂಗ್, ಬ್ಯಾಟಿಂಗ್‌ನಷ್ಟೇ ಫೀಲ್ಡಿಂಗಿಗೂ ಇಲ್ಲಿ ಜಾಗ ಇರಬೇಕು, ನಾನು ಮುಖ್ಯವಾಗಿ ಫೀಲ್ಡಿಂಗಿಗಾಗಿ ಇಲ್ಲಿಗೆ ಬಂದಿದ್ದೀನಿ ಅಂತ ಹೆಮ್ಮೆ ಇದೆ ಅನ್ನೋ ಅರ್ಥದ ಒಂದೆರಡು ಮಾತಾಡಿದ. ಅಷ್ಟರಲ್ಲಿ ಗಂಟಲು ಕಟ್ಟಿತು. ಮುಂದೆ ಆಗಲ್ಲ ಅಂತ ಕಾಗದ ಪಕ್ಕಕ್ಕಿಟ್ಟು, ಬಂದವರಿಗೆ ಥ್ಯಾಂಕ್ಸ್ ಹೇಳಿ ಹೋಗಿ ಕೂತುಬಿಟ್ಟ. ಮೂರು ನಿಮಿಷವೂ ಆಗಿರಲಿಲ್ಲ. ಅಲ್ಲಿ ಕೂತಿದ್ದ ಹಳೇ ಆಟಗಾರರೆಲ್ಲ ಎದ್ದು ನಿಂತರು. ಆ ವಿಡಿಯೊ ನಾನು ಎಷ್ಟೋ ಸಲ ನೋಡಿದ್ದೀನಿ. 41 ವರ್ಷ ಹೋಮ್ ರನ್ ಬಗ್ಗೆಯೇ ಮಾತಾಡಿಸಿಕೊಂಡವನು, ತನ್ನ ಮಾತು ಆಡೋಕೆ ಸಿಕ್ಕಿದ ಜಾಗದಲ್ಲಿ, ಮೊದಲು ಆಡಿದ್ದು ಇದನ್ನೇ.

2013ರ ಅಕ್ಟೋಬರ್ 13ಕ್ಕೆ ಮತ್ತೆ ಗೋಡೆ ಹತ್ತಿರ ಹೋದೆ, ಬೆಂಗಳೂರಿಗೆ ವಾಪಸ್ ಹೊರಡೋಕೆ ಒಂದು ತಿಂಗಳಿತ್ತು. ಆ ಅಜ್ಜ ಅದೇ ತುದಿಯಲ್ಲಿದ್ದ, ಗುರುತು ಹಿಡಿದ. ಹೋಮ್ ರನ್ ದಾಟಿದ ಜಾಗಕ್ಕೆ ಕಾಲುದಾರಿಯಲ್ಲಿ ಫಲಕ ಹಾಕಿದ್ದಾರೆ. ಹೋಮ್ ಪ್ಲೇಟನ್ನ ಯೂನಿವರ್ಸಿಟಿ ಕಟ್ಟಡವೊಂದರ ನೆಲದಲ್ಲಿ ಗಾಜಿನ ಕೆಳಗೆ ಇಟ್ಟಿದ್ದಾರೆ. ಅವೆರಡನ್ನೂ ನೋಡಿಯಾಗಿತ್ತು. ಸೆಕೆಂಡ್ ಬೇಸ್ ಎಲ್ಲಿತ್ತು ಅಂತ ಕೇಳಿದೆ.

ಅಜ್ಜ ಸ್ವಲ್ಪ ಹೊತ್ತು ಯೋಚಿಸಿದ. ಕುರ್ಚಿಯಿಂದ ಎದ್ದು, ಗೋಡೆಗೆ ಬೆನ್ನು ಹಾಕಿ ನಿಂತು, ಕೋಲೆತ್ತಿ ಕಟ್ಟಡಗಳ ಕಡೆ ತೋರಿಸಿದ. ಆಮೇಲೆ ಕೋಲನ್ನ ಸ್ವಲ್ಪ ಎಡಕ್ಕೆ ಸರಿಸಿದ. "ಅಲ್ಲೆಲ್ಲೋ ಇರಬೇಕು," ಅಂದ. "ಮೊದಲು ಯಾರೂ ಕೇಳಿರಲಿಲ್ಲ."